ಜಾತ್ರೆಯಲ್ಲಿ ಛಾಯಾಚಿತ್ರ

ಛಾಯಾಗ್ರಹಣವೆಂದರೆ ಬೆಳಕಿನ ಲೆಕ್ಕಾಚಾರ. ಬೆಳಕು ಕ್ಯಾಮರಾದೊಳಕ್ಕೆ ಪ್ರವೇಶಿಸುವ ರಂಧ್ರದ ಗಾತ್ರ, ಅದು ತೆರೆದಿರುವ ಕಾಲ, ಇವೆರಡರ ಹೊಂದಾಣಿಕೆಯಿಂದ ಚಿತ್ರವು ಮೂಡುತ್ತದೆ. ರಂಧ್ರವನ್ನು ಸೂಚಿಸುವ ಅಂಕಿ ಹೆಚ್ಚಿದಷ್ಟೂ ರಂಧ್ರವು ಕಿರಿದಾಗುವುದು ಹೊಸಬರಿಗೆ ವಿಚಿತ್ರವೆನಿಸಬಹುದು. ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ದೊರೆಯುವ ಭಾಗಲಬ್ಧವೇ ಆ ಅಂಕಿ. ಆದುದರಿಂದಲೇ ಈ ತಿರುವುಮುರುವು.

ನಿಚ್ಚಳವಾದ ಬಿಸಿಲಿನಲ್ಲಿ ಅಂಕಿಯನ್ನು 16ಕ್ಕೆ ಇರಿಸಿ, 100ರ ವೇಗದ ಫಿಲ್ಮಿಗೆ ಸೆಕೆಂಡಿನ 1/125 ಭಾಗದಷ್ಟು ಕಾಲ ಬೆಳಕು ಬಿಟ್ಟರೆ ಸಾಕು. ಆದರೆ ತೇರಿನ ಹಗ್ಗವೆಳೆಯುವವರ ಕೈಕಾಲುಗಳು ಮಸುಕಾಗದಿರಬೇಕಾದರೆ 1/500 ಭಾಗವೇ ಲೇಸು. ಕಾಲವು ಕಾಲುಭಾಗಕ್ಕೆ ಇಳಿದುದರಿಂದ ರಂಧ್ರದ ವಿಸ್ತೀರ್ಣವು ನಾಲ್ಕು ಪಟ್ಟಾಗಬೇಕು. ಎಂದರೆ ಅಂಕಿಯನ್ನು 8ಕ್ಕೆ ತರಬೇಕು.

ನಮ್ಮೂರಿನ ತೇರಿನ ದಿನ ಈ ಲೆಕ್ಕವನ್ನೆಲ್ಲ ನಾನು ಸರಿಯಾಗಿಯೇ ಮಾಡಿದ್ದೆ. ಬಾಳೆಹಣ್ಣು, ದವನ ಹಿಡಿದಿದ್ದ ಅಜ್ಜಿಯನ್ನು ಮಂಟಪದ ನೆರಳಿನಲ್ಲಿ ನಿಲ್ಲಿಸಿ, ಹಿಂದೆ ಬಿಸಿಲಿನಲ್ಲಿ ಹೊಳೆಯುವ ತೇರು ಕಾಣುವಂತೆ ಚಿತ್ರ ತೆಗೆದೆ. ತೇರಿನ ಬಾವುಟದ ಮಡಿಕೆಗಳೂ ಸ್ಪಷ್ಟವಾಗಿ ಮೂಡಿದ್ದವು. ಅಜ್ಜಿಯ ಮುಖ ಮಾತ್ರ ಬರಿಯ ಕಪ್ಪು! ನೆರಳಿನ ಮುಖಕ್ಕೆ ಬಿಸಿಲಿನ ಲೆಕ್ಕ ಸಲ್ಲದು. ರಂಧ್ರವನ್ನು ಇನ್ನೂ ಹಿಗ್ಗಿಸಿ, ತೇರು ಬಿಳಿಚಿಕೊಂಡರೆ ಬಿಳಿಚಿಕೊಳ್ಳಲಿ ಎನ್ನಬೇಕಾಗಿತ್ತು. ಇಲ್ಲವೆ ಅಜ್ಜಿಯನ್ನೇ ಎರಡು ಹೆಜ್ಜೆ ಬಿಸಿಲಿಗೆ ಕರೆಯಬೇಕಾಗಿತ್ತು. ಇಂದಿನ ಮೊಬೈಲುಗಳಲ್ಲಿ ಪರದೆಯ ಮೇಲೆ ಮೂಡಿದ ಮುಖವನ್ನು ಬೆರಳಿನಿಂದ ಮುಟ್ಟಿದರೆ ಯಂತ್ರವೇ ಈ ಹೊಂದಾಣಿಕೆಯನ್ನು ಮಾಡಿಕೊಳ್ಳುತ್ತದೆ.

ಅಜ್ಜಿಯ ಬೇರೆ ಚಿತ್ರ ನಮ್ಮ ಮನೆಯಲ್ಲಿಲ್ಲ.