ಅಗ್ಗದ ಕಂಪ್ಯೂಟರ್: ಸ್ಟಿಕ್ಕರ್ ನಂಬಬೇಡಿ, ಮಾಡೆಲ್ ನಂಬರ್ ನೋಡಿ

ಕಬ್ಬಿನ ದುಡ್ಡು ಕೈಗೆ ಬಂದ ಮೇಲೆ ಮಗಳಿಗೊಂದು ಲ್ಯಾಪ್‌ಟಾಪ್ ಕೊಡಿಸಲು ಮಂಡ್ಯಕ್ಕೆ ಬರುವ ಮಳವಳ್ಳಿ ಕಡೆಯ ರೈತ, ಮದ್ದೂರಿನಲ್ಲಿ ಜೆರಾಕ್ಸ್ ಅಂಗಡಿಯ ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಹುಡುಗ, ಪಿಇಎಸ್ ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿ, ಇವರೆಲ್ಲ ನೋಡುವುದು ಕಡಿಮೆ ಬೆಲೆಯ ಯಂತ್ರಗಳನ್ನೇ. ಪ್ರೊಸೆಸರ್ ತಯಾರಿಸುವ ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಪೈಪೋಟಿಯಲ್ಲಿ ಹೆಸರುಗಳ ಗೊಂದಲ ಜಾಸ್ತಿ ಇರುವುದೂ ಇಲ್ಲೇ.

‘ಐ7 ಅಂದಮೇಲೆ ಐ3ಗಿಂತ ಜೋರಾಗಿರಲೇಬೇಕು’

ಹಾಗೇನಿಲ್ಲ. ಇಂಟೆಲ್‌ನ ಐ7 ಎನ್ನುವುದು ಒಂದು ಚಿಪ್ ಅಲ್ಲ, ವರ್ಷಗಳಿಂದ ನಡೆದುಬಂದ ಸಾಲು. ಮುಂದಿನ ಅಂಕಿಯೇ ಮುಖ್ಯ. ಐ7-2600 ಎಂದಿದ್ದರೆ ಎರಡನೇ ಜನರೇಷನ್, 2011ರದ್ದು. ಐ3-1215ಯು ಎಂದಿದ್ದರೆ ಹನ್ನೆರಡನೆಯದು, 2022ರದ್ದು. ಈ ಎರಡರಲ್ಲಿ ಐ3ಯೇ ಬಹಳ ಮುಂದೆ. ರೀಫರ್ಬಿಶ್ಡ್ ಅಂಗಡಿಯಲ್ಲಿ ‘ಐ7, ಇಷ್ಟು ಕಡಿಮೆಗೆ’ ಎಂದರೆ ಮೊದಲು ಜನರೇಷನ್ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೆಲವೇ ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ಜನರೇಷನ್‌ಗಿಂತ ಹಳೆಯ ಚಿಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ.

ಎಎಂಡಿಯೂ ಇದರಲ್ಲಿ ಕಡಿಮೆಯಿಲ್ಲ. ರೈಜೆನ್ 5 7520ಯು ಎಂಬ ಹೆಸರು ಹೊಸದಾಗಿ ಕಾಣುತ್ತದೆ, ಒಳಗಿರುವುದು 2019ರ ಜೆನ್ 2 ವಿನ್ಯಾಸ. ಇಂಥ ಹೆಸರಿಡುವಿಕೆ ಗಿರಾಕಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

‘ಸೆಲೆರಾನ್ ಅಂದರೆ ಕಸ’

ಈ ಮಾತಿಗೆ ಕಾರಣವಿದೆ. ಎಎಂಡಿ ಮತ್ತು ಸೈರಿಕ್ಸ್ ಕಂಪನಿಗಳು ಅಗ್ಗದ ಚಿಪ್ ಕೊಟ್ಟು ಗಿರಾಕಿಗಳನ್ನು ಸೆಳೆಯುತ್ತಿದ್ದಾಗ, 1998ರ ಏಪ್ರಿಲ್‌ನಲ್ಲಿ ಇಂಟೆಲ್ ಅವಸರವಾಗಿ ಸೆಲೆರಾನ್ ಬಿಟ್ಟಿತು. ಪೆಂಟಿಯಂ 2ರಲ್ಲಿದ್ದ ಎಲ್2 ಕ್ಯಾಶ್ ಎಂಬ ವೇಗದ ಪುಟ್ಟ ಮೆಮೊರಿಯನ್ನು ತೆಗೆದುಹಾಕಿದ್ದರಿಂದ ಅದು ನಿಜಕ್ಕೂ ಕುಂಟಿತು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಚಿಪ್‌ನೊಳಗೇ 128 ಕೆಬಿ ಕ್ಯಾಶ್ ಇಟ್ಟುಕೊಂಡು ಬಂತು. ಅದನ್ನು 450 ಮೆಗಾಹರ್ಟ್ಸ್‌ಗೆ ಏರಿಸಿ ದುಬಾರಿ ಪೆಂಟಿಯಂ 2ಕ್ಕೆ ಸರಿಗಟ್ಟಿಸಿದವರು ಬಹಳ ಜನ. 2000ದಲ್ಲಿ ಎಎಂಡಿ ಡ್ಯೂರಾನ್ ಎಂಬ ಅಗ್ಗದ ಚಿಪ್ ತಂದಾಗ ಲಾಭವಾದದ್ದು ಮತ್ತೆ ಕೊಳ್ಳುವವರಿಗೆ.

2023ರಲ್ಲಿ ಇಂಟೆಲ್ ಹೊಸ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಸೆಲೆರಾನ್, ಪೆಂಟಿಯಂ ಎಂಬ ಹೆಸರನ್ನೇ ಕೈಬಿಟ್ಟಿತು. ಆ ಜಾಗಕ್ಕೆ ಬಂದ ಎನ್100 ಬಹು ಕೋರ್ ಕೆಲಸದಲ್ಲಿ 2013ರ ಐ5-4570ಗೆ ಹೆಚ್ಚುಕಡಿಮೆ ಸಮ. ಕಂಪನಿ ನಮೂದಿಸಿರುವ ವಿದ್ಯುತ್ ಅಂಕಿ ಹಳೆಯದಕ್ಕೆ 84 ವ್ಯಾಟ್, ಇದಕ್ಕೆ 6. ಕರೆಂಟು ಹೋದಾಗ ಯುಪಿಎಸ್ ನೆಚ್ಚಿ ಕೂರುವ ಅಂಗಡಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ಎರಡೇ ಕೋರ್‌ನ ಸೆಲೆರಾನ್ ಎನ್4020 ಇರುವ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

‘ಎಎಂಡಿ ಬಿಸಿಯಾಗಿ ಸುಟ್ಟುಹೋಗುತ್ತದೆ’

ಇದು 2001ರ ಮಾತು. ಆಗಿನ ಅಥ್ಲಾನ್ ಥಂಡರ್‌ಬರ್ಡ್ ಚಿಪ್‌ನ ಮೇಲಿನ ಹೀಟ್‌ಸಿಂಕ್ ತೆಗೆದರೆ ಹೊಗೆ ಬರುತ್ತಿತ್ತು, ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಉಳಿಯುತ್ತಿತ್ತು. ಈಗ ಎರಡೂ ಕಂಪನಿಯ ಚಿಪ್‌ಗಳು ಬಿಸಿ ಮಿತಿಮೀರಿದರೆ ತಾವೇ ವೇಗ ಇಳಿಸುತ್ತವೆ. 2019ರ ಅಥ್ಲಾನ್ 3000ಜಿಯ ನಮೂದಿತ ಅಂಕಿ 35 ವ್ಯಾಟ್ ಅಷ್ಟೇ.

‘ಚಿಪ್ ಅಗ್ಗವಾದರೆ ಕಂಪ್ಯೂಟರ್ ಅಗ್ಗ’

ಬೆಂಗಳೂರಿನಲ್ಲೇ ಇದಕ್ಕೆ ಉತ್ತರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಹಳ್ಳಿಯವರಿಗಾಗಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್‌ಗೆ ಕಡಿಮೆ ವಿದ್ಯುತ್ತಿನ ಸ್ಟ್ರಾಂಗ್‌ಆರ್ಮ್ ಚಿಪ್ ಆರಿಸಿದ್ದರು. ಗುರಿ ಸುಮಾರು 9 ಸಾವಿರ ರೂಪಾಯಿ. 2004ರಲ್ಲಿ ಬಂದ ಅಮಿಡಾ ಸಿಂಪ್ಯೂಟರ್‌ನ ಬಣ್ಣದ ಪರದೆಯ ಮಾದರಿಯ ಬೆಲೆ ಅದರ ಸುಮಾರು ಎರಡು ಪಟ್ಟಾಯಿತು. ಪರದೆ, ಮೆಮೊರಿ, ಬ್ಯಾಟರಿ ಎಲ್ಲಕ್ಕೂ ದುಡ್ಡು ಬೇಕು, ಲಕ್ಷಗಟ್ಟಲೆ ತಯಾರಿಸದೆ ಬೆಲೆ ಇಳಿಯುವುದಿಲ್ಲ. ಒಳ್ಳೆಯ ಕನಸು ಕೆಲವು ಸಾವಿರ ಯಂತ್ರಗಳಿಗೇ ನಿಂತಿತು ಎಂಬ ನೋವು ನನಗಿದೆ.

‘ಸ್ಲೋ ಆಗಿದೆ, ಪ್ರೊಸೆಸರ್ ಹೋಯಿತು’

ಹೆಚ್ಚು ದುಡ್ಡು ಪೋಲಾಗುವುದು ಈ ಒಂದು ನಂಬಿಕೆಯಿಂದ. ಪಹಣಿ ತೆಗೆಯುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ನುಡಿಯಲ್ಲಿ ಪತ್ರ ಟೈಪ್ ಮಾಡುವುದು ಪ್ರೊಸೆಸರ್‌ಗೆ ಭಾರವೇ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಸಾಲಿನಲ್ಲಿ ಹತ್ತೋ ಹದಿನೈದೋ ಶೇಕಡಾ ತೋರಿಸಿ, ಡಿಸ್ಕ್ ಸಾಲು 100ಕ್ಕೆ ಅಂಟಿಕೊಂಡಿದ್ದರೆ ತಪ್ಪು ತಿರುಗುವ ಹಾರ್ಡ್ ಡಿಸ್ಕಿನದು. ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಸಲೀಸಾಗಿ ಓಡುತ್ತದೆ. ಮೆಮೊರಿ ಸಾಲು ತುಂಬಿದ್ದರೆ 4 ಜಿಬಿ ರ‍್ಯಾಮ್ ಸಾಲುತ್ತಿಲ್ಲ, 8 ಬೇಕು. ಅಗ್ಗದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗಲೇ ಕೇಳಿಕೊಳ್ಳಿ.

ಮಂಡ್ಯದಲ್ಲಾಗಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ದುಡ್ಡು ಕೊಡುವ ಮೊದಲು ಯಂತ್ರ ಆನ್ ಮಾಡಿಸಿ, ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು ಓದಿ, ಅದನ್ನೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.