ಬ್ರಾಹ್ಮಿ ಎಂಬ ಹೆಸರು ಮತ್ತು ಸ್ಮೃತಿರಕ್ಷಣೆಯ ವಿಚಾರ

ಬ್ರಾಹ್ಮಿಯು ಜ್ಞಾಪಕಶಕ್ತಿಯನ್ನು ವರ್ಧಿಸುವುದೆಂಬ ನಂಬಿಕೆ ಭರತಖಂಡದಲ್ಲಿ ಬಹು ಪುರಾತನವಾದುದು. ಆದರೆ ಬ್ರಾಹ್ಮಿಯೆಂದರೆ ಯಾವ ಸಸ್ಯವೆಂಬ ಪ್ರಶ್ನೆಗೆ ಎಲ್ಲೆಡೆಯಲ್ಲಿಯೂ ಒಂದೇ ಉತ್ತರ ದೊರೆಯುವುದಿಲ್ಲ. ಕನ್ನಡನಾಡಿನಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿಯೆನ್ನುವರು; ಬೇರೆಡೆಗಳಲ್ಲಿ ಆ ಹೆಸರು ನೀರುಬ್ರಾಹ್ಮಿಗೆ ಸಲ್ಲುವುದು.

ಇವೆರಡೂ ಭಿನ್ನ ಕುಲದ ಸಸ್ಯಗಳು. ಒಂದೆಲಗವು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿಯ ಕುಟುಂಬಕ್ಕೆ ಸೇರಿದುದು. ನೆಲದ ಮೇಲೆ ಹಬ್ಬಿ, ನೀಳವಾದ ತೊಟ್ಟಿನ ತುದಿಯಲ್ಲಿ ದುಂಡಾದ ಎಲೆಯನ್ನು ತಳೆಯುವುದು. ಮಲೆನಾಡಿನ ಮನೆಗಳಲ್ಲಿ ಇದರ ತಂಬುಳಿ ಪ್ರಸಿದ್ಧ. ನೀರುಬ್ರಾಹ್ಮಿಯು, ಅಂದರೆ ಬಕೋಪಾ ಮೊನ್ನಿಯೇರಿ, ಜೌಗುನೆಲದ ಗಿಡ. ಸಣ್ಣ ದಪ್ಪನೆಯ ಎಲೆಗಳು ಎದುರುಬದುರಾಗಿರುವುವು. ಮೊದಲನೆಯದರ ಪ್ರಧಾನ ಸಾರಗಳಲ್ಲಿ ಏಷಿಯಾಟಿಕೋಸೈಡ್, ಎರಡನೆಯದರಲ್ಲಿ ಬಕೋಸೈಡ್ ಎಣಿಕೆಗೆ ಬರುವುವು.

ಚರಕಸಂಹಿತೆಯ ಚಿಕಿತ್ಸಾಸ್ಥಾನವು ನಾಲ್ಕು ಮೇಧ್ಯರಸಾಯನಗಳನ್ನು ವಿಧಿಸುವುದು: ಮಂಡೂಕಪರ್ಣಿಯ ಸ್ವರಸ, ಜ್ಯೇಷ್ಠಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಈ ನಾಲ್ಕರಲ್ಲಿ ಬ್ರಾಹ್ಮಿಯ ಹೆಸರಿಲ್ಲ. ಸುಶ್ರುತಸಂಹಿತೆಯಾದರೋ ಮಂಡೂಕಪರ್ಣಿಯನ್ನೂ ಬ್ರಾಹ್ಮಿಯನ್ನೂ ಪ್ರತ್ಯೇಕವಾಗಿಯೇ ಹೇಳುವುದು. ಮಂಡೂಕಪರ್ಣಿಯನ್ನು ಈಗ ಸಾಮಾನ್ಯವಾಗಿ ಒಂದೆಲಗವೆಂದು ಗುರುತಿಸುವರು. ಆದುದರಿಂದ ಇವೆರಡನ್ನೂ ಒಂದೆಂದು ಎಣಿಸುವುದಕ್ಕೆ ಸುಶ್ರುತನ ಆಧಾರವಿಲ್ಲ.

ಈ ಭೇದವು ಕೇವಲ ಶಬ್ದವಿಚಾರವಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 46 ಮಂದಿ ಆರೋಗ್ಯವಂತರು ಭಾಗವಹಿಸಿದ್ದರು. ದಿನಕ್ಕೆ 300 ಮಿಲಿಗ್ರಾಂ ನೀರುಬ್ರಾಹ್ಮಿಯ ಸಾರವನ್ನು 12 ವಾರ ಸೇವಿಸಿದವರಲ್ಲಿ, ಹುಸಿಮಾತ್ರೆಯನ್ನು ಸೇವಿಸಿದವರಿಗಿಂತ, ಕಲಿಕೆಯ ವೇಗ ಹೆಚ್ಚಿತೆಂದು ಕಂಡುಬಂದಿತು. ಆ ಫಲವನ್ನು ಒಂದೆಲಗಕ್ಕೆ ಆರೋಪಿಸುವುದು ಯುಕ್ತವಲ್ಲ. ಮೇಲಾಗಿ ಆರೋಗ್ಯವಂತರ ಕಲಿಕೆ ಚುರುಕಾಗುವುದು ಒಂದು ವಿಷಯ; 1906ರಲ್ಲಿ ಆಲ್ಜೈಮರ್ ವಿವರಿಸಿದಂತಹ ರೋಗದಲ್ಲಿ ಮಿದುಳಿನ ಜೀವಕೋಶಗಳು ನಶಿಸುವುದನ್ನು ತಡೆಯುವುದು ಬೇರೊಂದು ವಿಷಯ.

ಗಿಂಕ್ಗೋ ಎಂಬ ವೃಕ್ಷದ ಎಲೆಯ ಸಾರದಿಂದ ಇದು ಸ್ಪಷ್ಟವಾಗುವುದು. ಅಮೆರಿಕದಲ್ಲಿ 75 ವರ್ಷ ಅಥವಾ ಅದಕ್ಕೆ ಮೀರಿದ ವಯಸ್ಸಿನ 3069 ವೃದ್ಧರಿಗೆ ಅದನ್ನಾಗಲಿ ಹುಸಿಮಾತ್ರೆಯನ್ನಾಗಲಿ ವರ್ಷಗಟ್ಟಲೆ ಕೊಟ್ಟು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮರೆವಿನ ರೋಗ ಅದರಿಂದ ಕಡಮೆಯಾಗಲಿಲ್ಲ. ಸ್ನೋಡ್ರಾಪ್ ಎಂಬ ಗಿಡದಿಂದ ಮೊದಲು ಬೇರ್ಪಡಿಸಿದ ಗ್ಯಾಲಂಟಮೀನ್ ಮಾತ್ರ 2001ರಲ್ಲಿ ಅಲ್ಲಿ ಆಲ್ಜೈಮರ್ ರೋಗದ ಔಷಧವಾಗಿ ಅಂಗೀಕೃತವಾಯಿತು. ಅದೂ ಅಸಿಟೈಲ್‌ಕೋಲೀನ್ ಎಂಬ ದ್ರವ್ಯದ ವಿಘಟನೆಯನ್ನು ತಡೆದು ರೋಗಲಕ್ಷಣಗಳನ್ನು ಕೆಲಮಟ್ಟಿಗೆ ಶಮನಗೊಳಿಸುವುದೇ ಹೊರತು, ನಾಶವನ್ನು ನಿಲ್ಲಿಸುವುದಿಲ್ಲ.

ಪ್ರಾಚೀನ ಗ್ರಂಥಗಳ ಮಾತು ಪರೀಕ್ಷೆಗೆ ಯೋಗ್ಯವಾದ ಸಸ್ಯಗಳನ್ನು ಸೂಚಿಸಬಲ್ಲುದು. ಪರೀಕ್ಷೆಯ ಸ್ಥಾನವನ್ನು ತುಂಬಲಾರದು. ಆ ಸೂಚನೆಯಾದರೂ ಸರಿಯಾಗಿ ತಲುಪಬೇಕಾದರೆ, ಗ್ರಂಥಗಳನ್ನು ಸಂಪಾದಿಸುವವರೂ ನಿಘಂಟುಕಾರರೂ ಬ್ರಾಹ್ಮಿಯ ಅರ್ಥವನ್ನು ಬರೆಯುವಾಗ ಅಲ್ಲಿ ಅಭಿಪ್ರೇತವಾದ ಗಿಡ ಯಾವುದೆಂಬುದನ್ನು ನಿರ್ಣಯಿಸಿ ತಿಳಿಸುವುದು ಅವಶ್ಯಕ.