ಬೇಲಿ, ಬದು, ತಿಪ್ಪೆಗುಂಡಿ: ಟ್ಯೂಡರ್ ಇಂಗ್ಲೆಂಡಿನ ಹಳ್ಳಿ ಕಟಕಟೆಯಲ್ಲಿ ನೆರೆಹೊರೆ

1552ರ ಏಪ್ರಿಲ್ 29ರಂದು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಪಟ್ಟಣದ ಸ್ಥಳೀಯ ನ್ಯಾಯಾಲಯವು ಹೆನ್ಲಿ ಬೀದಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಮೂವರಿಗೆ ತಲಾ ಒಂದು ಶಿಲ್ಲಿಂಗ್ ದಂಡ ವಿಧಿಸಿತು. ಅಪ್ಪಣೆಯಿಲ್ಲದೆ ಬೀದಿಯಲ್ಲಿ ತಿಪ್ಪೆ ಹಾಕಿದ್ದು ಅವರ ಅಪರಾಧ. ಆ ಮೂವರಲ್ಲಿ ಒಬ್ಬನ ಹೆಸರು ಜಾನ್ ಶೇಕ್ಸ್‌ಪಿಯರ್. ಹನ್ನೆರಡು ವರ್ಷಗಳ ತರುವಾಯ ಆತನಿಗೆ ಜನಿಸಿದ ಮಗನೇ ನಾಟಕಕಾರ ವಿಲಿಯಂ ಶೇಕ್ಸ್‌ಪಿಯರ್. ಜಾನ್ ಆ ಊರಿನಲ್ಲಿ ವಾಸವಾಗಿದ್ದನೆಂಬುದಕ್ಕೆ ದೊರೆತಿರುವ ಮೊದಲ ಲಿಖಿತ ಆಧಾರವೇ ಈ ತಿಪ್ಪೆಯ ದಂಡ.

ಇದೊಂದು ಸ್ವಾರಸ್ಯಕರ ಸಂಗತಿಯಷ್ಟೇ ಅಲ್ಲ. ಟ್ಯೂಡರ್ ಅರಸರ ಕಾಲದಲ್ಲಿ, ಅಂದರೆ 1485ರಿಂದ 1603ರವರೆಗೆ, ಇಂಗ್ಲೆಂಡಿನ ಸಾಮಾನ್ಯ ರೈತ, ಕುಶಲಕರ್ಮಿ ಮತ್ತು ವಿಧವೆಯರ ಹೆಸರುಗಳು ಚರಿತ್ರೆಯಲ್ಲಿ ಉಳಿದುಬಂದಿರುವುದೇ ಬಹುಮಟ್ಟಿಗೆ ಇಂತಹ ಚಿಕ್ಕಪುಟ್ಟ ದಾವೆಗಳ ಮೂಲಕ. ಎಂಟನೆಯ ಹೆನ್ರಿ ಪಟ್ಟವೇರಿದ್ದು 1509ರಲ್ಲಿ. ವಿಜಯನಗರದಲ್ಲಿ ಕೃಷ್ಣದೇವರಾಯನ ಆಳ್ವಿಕೆ ಆರಂಭವಾದದ್ದೂ ಅದೇ ವರ್ಷ. ಅರಸನ ಮದುವೆಗಳು, ಮಠಗಳ ಮುಟ್ಟುಗೋಲು, ಸ್ಪೇನಿನೊಡನೆ ಯುದ್ಧ ಇವೆಲ್ಲ ದೂರದ ಲಂಡನ್ನಿನ ಸುದ್ದಿಗಳಾಗಿದ್ದಾಗ, ಹಳ್ಳಿಗನ ಪಾಲಿಗೆ ‘ಸರ್ಕಾರ’ ಎಂದರೆ ತನ್ನ ಊರಿನ ನ್ಯಾಯಾಲಯವೇ ಆಗಿತ್ತು.

ಒಂದೇ ಊರು, ಎರಡು ನ್ಯಾಯಾಲಯ

ಅಂದಿನ ಗ್ರಾಮಾಂತರ ಇಂಗ್ಲೆಂಡಿನ ಬಹುಭಾಗವು ‘ಮೇನರ್’ ಎಂಬ ಜಹಗೀರುಗಳಾಗಿ ಹಂಚಿಹೋಗಿತ್ತು. ಜಹಗೀರಿನ ಒಡೆಯನು ತನ್ನ ಒಕ್ಕಲುಗಳಿಗಾಗಿ ನ್ಯಾಯಾಲಯ ನಡೆಸುವ ಹಕ್ಕು ಪಡೆದಿದ್ದ. ಒಡೆಯನ ಪರವಾಗಿ ಅಧ್ಯಕ್ಷತೆ ವಹಿಸುತ್ತಿದ್ದವನು ಸ್ಟೀವರ್ಡ್, ಅಂದರೆ ಪಾರುಪತ್ಯಗಾರ. ಕಾನೂನು ಬಲ್ಲವನೇ ಸಾಮಾನ್ಯವಾಗಿ ಈ ಹುದ್ದೆಯಲ್ಲಿರುತ್ತಿದ್ದ.

ಈ ವ್ಯವಸ್ಥೆಗೆ ಎರಡು ಮುಖಗಳಿದ್ದವು. ಮೊದಲನೆಯದು ‘ಕೋರ್ಟ್ ಬ್ಯಾರನ್’. ನಿಯಮದಂತೆ ಮೂರು ವಾರಗಳಿಗೊಮ್ಮೆ ಇದು ಸೇರಬೇಕಿತ್ತು. ಆದರೆ ಹದಿನಾರನೆಯ ಶತಮಾನದ ಹೊತ್ತಿಗೆ ಅನೇಕ ಕಡೆ ಇದು ಸೇರುವುದು ವಿರಳವಾಗಿತ್ತು. ಜಮೀನಿನ ವರ್ಗಾವಣೆ, ವಾರಸುದಾರಿಕೆ, ಬೇಸಾಯದ ಕಟ್ಟುಪಾಡು, ಒಕ್ಕಲುಗಳ ನಡುವಿನ ಸಾಲ ಮತ್ತು ನಷ್ಟದ ದಾವೆಗಳು ಇದರ ವ್ಯಾಪ್ತಿಗೆ ಬರುತ್ತಿದ್ದವು. ಎರಡನೆಯದು ‘ಕೋರ್ಟ್ ಲೀಟ್’. ಈಸ್ಟರ್ ಮತ್ತು ಮೈಕೆಲ್ಮಸ್ ಹಬ್ಬಗಳ ಆಸುಪಾಸಿನಲ್ಲಿ ವರ್ಷಕ್ಕೆ ಎರಡು ಬಾರಿ ಸೇರುತ್ತಿದ್ದ ಇದು ಅರಸನ ಹೆಸರಿನಲ್ಲಿ ಶಾಂತಿಪಾಲನೆಯ ಕೆಲಸ ಮಾಡುತ್ತಿತ್ತು. ಹೊಡೆದಾಟ, ಕೆಟ್ಟ ಬ್ರೆಡ್ಡು, ಅಳತೆಯಲ್ಲಿ ಮೋಸ, ಕಟ್ಟಿಕೊಂಡ ಚರಂಡಿ, ಹಾಳಾದ ರಸ್ತೆ ಇವೆಲ್ಲ ಇಲ್ಲಿ ವಿಚಾರಣೆಗೆ ಬರುತ್ತಿದ್ದವು.

ತೀರ್ಪಿನ ನಿಜವಾದ ಅಧಿಕಾರ ಸ್ಟೀವರ್ಡನದಾಗಿರಲಿಲ್ಲ. ಒಕ್ಕಲುಗಳಿಂದಲೇ ಆಯ್ಕೆಯಾದ ಜ್ಯೂರಿಯು ಪ್ರಮಾಣ ಸ್ವೀಕರಿಸಿ, ಯಾರು ಕಟ್ಟಳೆ ಮುರಿದಿದ್ದಾರೆಂದು ತಾನೇ ವರದಿ ಮಾಡುತ್ತಿತ್ತು. ದಂಡದ ಮೊತ್ತವನ್ನು ನಿಗದಿಪಡಿಸಲು ‘ಅಫೀರರ್’ ಎಂಬ ಬೇರೆ ಪಂಚರಿದ್ದರು. ಹೋಂಗಾವಲಿಗೆ, ಅಂದರೆ ಬೇಲಿ ಮತ್ತು ಬೆಳೆಗಳ ಕಾವಲಿಗೆ ‘ಹೇವರ್ಡ್’, ಬಿಡಾಡಿ ದನಗಳನ್ನು ದೊಡ್ಡಿಗೆ ಕೂಡಲು ‘ಪಿಂಡರ್’, ಏಲ್ ಎಂಬ ಮದ್ಯದ ಗುಣಮಟ್ಟ ನೋಡಲು ರುಚಿಪರೀಕ್ಷಕ, ಶಾಂತಿಪಾಲನೆಗೆ ಕಾನ್‌ಸ್ಟೇಬಲ್ ಹೀಗೆ ಹಲವು ಹುದ್ದೆಗಳನ್ನು ಊರವರೇ ಸರದಿಯ ಮೇಲೆ ನಿರ್ವಹಿಸುತ್ತಿದ್ದರು. ತಿಪ್ಪೆಗಾಗಿ ದಂಡ ತೆತ್ತ ಜಾನ್ ಶೇಕ್ಸ್‌ಪಿಯರನೇ 1556ರಲ್ಲಿ ರುಚಿಪರೀಕ್ಷಕನಾದ, 1558ರಲ್ಲಿ ಕಾನ್‌ಸ್ಟೇಬಲ್ ಆದ, ಮರುವರ್ಷ ಇತರರಿಗೆ ದಂಡ ನಿಗದಿಪಡಿಸುವ ಅಫೀರರ್ ಆದ. ಇಂದಿನ ಆರೋಪಿ ನಾಳಿನ ಪಂಚನಾಗಬಹುದಿತ್ತು.

ಒಂದು ಸಾಲು ಹೆಚ್ಚು ಉತ್ತರೆ

ಬಹುತೇಕ ವ್ಯಾಜ್ಯಗಳ ಮೂಲ ಅಂದಿನ ಬೇಸಾಯ ಪದ್ಧತಿಯಲ್ಲಿಯೇ ಇತ್ತು. ಮಧ್ಯ ಇಂಗ್ಲೆಂಡಿನ ಅನೇಕ ಹಳ್ಳಿಗಳಲ್ಲಿ ಬೇಲಿಯಿಲ್ಲದ ವಿಶಾಲ ಹೊಲಗಳನ್ನು ಉದ್ದನೆಯ ಪಟ್ಟಿಗಳಾಗಿ ವಿಂಗಡಿಸಲಾಗಿತ್ತು. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರದೆ ಊರಿನ ಎಲ್ಲ ದಿಕ್ಕುಗಳಲ್ಲಿಯೂ ಚದುರಿರುತ್ತಿದ್ದವು. ಪಟ್ಟಿಗಳ ನಡುವೆ ಹುಲ್ಲಿನ ಬದು ಅಥವಾ ಗಡಿಕಲ್ಲು ಮಾತ್ರ. ಉಳುವಾಗ ನೇಗಿಲು ಪಕ್ಕದವನ ಕಡೆಗೆ ಒಂದು ಸಾಲು ಸರಿದರೆ ಆ ವರ್ಷ ಯಾರಿಗೂ ಕಾಣದು. ಐದಾರು ವರ್ಷ ಹೀಗೆಯೇ ನಡೆದರೆ ಬದುವೇ ಮಾಯವಾಗುತ್ತಿತ್ತು. ಆದ್ದರಿಂದ ಗಡಿಕಲ್ಲು ಕಿತ್ತವರ ಮತ್ತು ಬದು ಉತ್ತವರ ಹೆಸರುಗಳು ನ್ಯಾಯಾಲಯದ ಕಡತಗಳಲ್ಲಿ ಮತ್ತೆಮತ್ತೆ ಕಾಣಸಿಗುತ್ತವೆ.

ಸುಗ್ಗಿ ಮುಗಿದ ಮೇಲೆ ಅದೇ ಹೊಲ ಎಲ್ಲರ ದನಗಳಿಗೂ ಮೇವಿನ ತಾಣ. ಗೋಮಾಳದಲ್ಲಿ ಒಬ್ಬನು ಎಷ್ಟು ಹಸು, ಎಷ್ಟು ಕುರಿ ಬಿಡಬಹುದೆಂಬುದಕ್ಕೆ ಮಿತಿಯಿತ್ತು. ಹಂದಿಗಳು ಮೂತಿಯಿಂದ ನೆಲ ಅಗೆದು ಹುಲ್ಲುಗಾವಲನ್ನು ಹಾಳುಮಾಡದಿರಲೆಂದು ಅವುಗಳ ಮೂಗಿಗೆ ಉಂಗುರ ಹಾಕಲೇಬೇಕಿತ್ತು. ಸ್ನಿಟರ್‌ಫೀಲ್ಡ್ ಎಂಬ ಹಳ್ಳಿಯ ಒಕ್ಕಲು, ನಾಟಕಕಾರನ ಅಜ್ಜ ರಿಚರ್ಡ್ ಶೇಕ್ಸ್‌ಪಿಯರ್ 1560ರಲ್ಲಿ ದಂಡ ತೆರಬೇಕಾದದ್ದೂ ಹಂದಿಗಳನ್ನು ಹೀಗೆ ಹತೋಟಿಯಲ್ಲಿಡದ ಕಾರಣಕ್ಕೆ.

ನೆರೆಯವನ ದನ ಬೆಳೆಗೆ ನುಗ್ಗಿದರೆ ಅದನ್ನು ಹಿಡಿದು ಊರ ದೊಡ್ಡಿಗೆ ಕೂಡುವ ಹಕ್ಕು ಬೆಳೆಯ ಒಡೆಯನಿಗಿತ್ತು. ನಷ್ಟ ತುಂಬಿಕೊಟ್ಟ ಮೇಲೆಯೇ ದನ ಬಿಡುಗಡೆ. ಸಿಟ್ಟಿನಲ್ಲಿ ದೊಡ್ಡಿಯ ಬೀಗ ಮುರಿದು ದನ ಹೊಡೆದುಕೊಂಡು ಹೋದವರೂ ಇದ್ದರು. ಅದು ಪ್ರತ್ಯೇಕ ಅಪರಾಧ. ಇದೇ ಇಂಗ್ಲಿಷ್ ತತ್ವವನ್ನು ಬ್ರಿಟಿಷರು 1871ರ ಜಾನುವಾರು ಅತಿಕ್ರಮಣ ಕಾಯ್ದೆಯ ಮೂಲಕ ಭಾರತದಲ್ಲಿ ಶಾಸನರೂಪಕ್ಕೆ ತಂದರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಸಾಕ್ಷಿಗಿಂತ ಹೆಚ್ಚಾಗಿ ಹೆಸರು

ಹಳ್ಳಿಯ ವ್ಯವಹಾರವೆಲ್ಲ ಸಾಲದ ಮೇಲೆ ನಡೆಯುತ್ತಿತ್ತು. ನಾಣ್ಯಗಳ ಕೊರತೆಯಿದ್ದ ಕಾಲವದು. ಬಿತ್ತನೆ ಬೀಜ, ಕುರಿ, ಮಾಲ್ಟ್, ಕೂಲಿ ಎಲ್ಲವೂ ಬಾಯಿಮಾತಿನ ಲೆಕ್ಕ. ಮಾತು ತಪ್ಪಿದಾಗ ದಾವೆ. ಆದರೆ ಕೋರ್ಟ್ ಬ್ಯಾರನ್ನಿನಲ್ಲಿ 40 ಶಿಲ್ಲಿಂಗಿಗಿಂತ ಕಡಿಮೆ ಮೊತ್ತದ ದಾವೆಗಳಿಗೆ ಮಾತ್ರ ಅವಕಾಶ. ಟ್ಯೂಡರ್ ಕಾಲದ ಆರಂಭದಲ್ಲಿ ಕೂಲಿಯವನ ದಿನಗಳಿಕೆ ಸುಮಾರು 4 ಪೆನ್ನಿ. ಶಿಲ್ಲಿಂಗಿಗೆ 12 ಪೆನ್ನಿಯಂತೆ ಲೆಕ್ಕ ಹಾಕಿದರೆ 40 ಶಿಲ್ಲಿಂಗ್ ಎಂದರೆ 120 ದಿನಗಳ ಕೂಲಿ. ಬಡ ಕುಟುಂಬದ ಪಾಲಿಗೆ ಅದು ಅಳಿವು ಉಳಿವಿನ ಪ್ರಶ್ನೆಯೇ ಸರಿ.

ಲಿಖಿತ ಪತ್ರವಿಲ್ಲದ ಸಾಲವನ್ನು ಸಾಬೀತುಪಡಿಸುವುದು ಹೇಗೆ? ಪ್ರತಿವಾದಿಯು ಸಾಲ ತನ್ನದಲ್ಲವೆಂದು ಪ್ರಮಾಣ ಮಾಡಿ, ತನ್ನ ಪ್ರಮಾಣ ನಂಬಲರ್ಹವೆಂದು ನಿಗದಿತ ಸಂಖ್ಯೆಯ ನೆರೆಯವರಿಂದ ಪ್ರಮಾಣ ಮಾಡಿಸಿದರೆ ದಾವೆ ವಜಾ ಆಗುತ್ತಿತ್ತು. ಈ ನೆರೆಯವರು ಘಟನೆಯನ್ನು ಕಂಡ ಸಾಕ್ಷಿಗಳಲ್ಲ. ಆತನ ಸತ್ಯನಿಷ್ಠೆಗೆ ಜವಾಬ್ದಾರರು. ಇಂದಿನ ದೃಷ್ಟಿಗೆ ವಿಚಿತ್ರವಾಗಿ ಕಂಡರೂ ಇದರ ತರ್ಕ ಸರಳ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಸುಳ್ಳುಗಾರನ ಪರವಾಗಿ ದೇವರ ಮೇಲೆ ಆಣೆಯಿಡಲು ಯಾರೂ ಮುಂದೆ ಬರಲಾರರು. ಒಳ್ಳೆಯ ಹೆಸರು ಕಳೆದುಕೊಂಡವನಿಗೆ ಸಾಲವೂ ಹುಟ್ಟದು, ಆಣೆಗೆ ಜನರೂ ದೊರೆಯರು.

ಆದ್ದರಿಂದಲೇ ಬೈಗುಳವೂ ಗಂಭೀರ ವ್ಯಾಜ್ಯವಾಗುತ್ತಿತ್ತು. ಕಳ್ಳ, ಹಾದರಗಿತ್ತಿ ಎಂಬ ಮಾತು ಬೀದಿಯಲ್ಲಿ ಕೇಳಿಬಂದರೆ ಅದು ಬದುಕಿಗೇ ಕುತ್ತು. ನಡತೆಗೆಟ್ಟವರೆಂಬ ಆರೋಪದ ದೂರುಗಳು ಚರ್ಚಿನ ನ್ಯಾಯಾಲಯಗಳಿಗೆ ಹೋಗುತ್ತಿದ್ದವು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಇಂತಹ ಮಾನಹಾನಿ ಪ್ರಕರಣಗಳು ಗಮನಾರ್ಹವಾಗಿ ಹೆಚ್ಚಿದವು. ದೂರು ಕೊಟ್ಟವರಲ್ಲಿ ದೊಡ್ಡ ಸಂಖ್ಯೆಯವರು ಮಹಿಳೆಯರು. ಸೋತವರು ಊರವರ ಮುಂದೆ ಕ್ಷಮೆ ಯಾಚಿಸಬೇಕಿತ್ತು. ಗೋಡೆ, ಕಿಟಕಿಗಳ ಬಳಿ ನಿಂತು ಮನೆಯೊಳಗಿನ ಮಾತು ಕದ್ದು ಕೇಳಿ ಜಗಳ ಹಚ್ಚುವವರ ಮೇಲೆ ಕೋರ್ಟ್ ಲೀಟ್ ಕಣ್ಣಿಟ್ಟಿತ್ತು. ಇಂತಹವರಿಗೆ ಇಂಗ್ಲಿಷಿನಲ್ಲಿರುವ ‘ಈವ್ಸ್‌ಡ್ರಾಪರ್’ ಎಂಬ ಪದವು ಸೂರಿನ ನೀರು ತೊಟ್ಟಿಕ್ಕುವ ಜಾಗವನ್ನು ಸೂಚಿಸುವ ಶಬ್ದದಿಂದ ಬಂದಿದೆ.

ದಂಡವೇಕೆ ಇಷ್ಟು ಕಡಿಮೆ?

ಹಳ್ಳಿ ನ್ಯಾಯಾಲಯದ ದಂಡಗಳು ಹೆಚ್ಚಿನ ಪಾಲು ಕೆಲವು ಪೆನ್ನಿಗಳಷ್ಟೇ. ಇದು ದೌರ್ಬಲ್ಯವಲ್ಲ. ವಾದಿ, ಪ್ರತಿವಾದಿ ಇಬ್ಬರೂ ಮರುದಿನ ಒಂದೇ ಹೊಲದಲ್ಲಿ ಉಳಬೇಕು, ಒಂದೇ ಚರ್ಚಿನಲ್ಲಿ ಕೂರಬೇಕು. ನ್ಯಾಯಾಲಯದ ಗುರಿ ತಪ್ಪಿತಸ್ಥನನ್ನು ನಾಶ ಮಾಡುವುದಾಗಿರದೆ, ಕಟ್ಟಿದ ಚರಂಡಿ ತೆರೆಯುವಂತೆ, ಬಿದ್ದ ಬೇಲಿ ಕಟ್ಟುವಂತೆ ಮಾಡುವುದಾಗಿತ್ತು. ಅದಕ್ಕಾಗಿಯೇ ‘ಇಂತಹ ದಿನದೊಳಗೆ ಸರಿಪಡಿಸಬೇಕು, ತಪ್ಪಿದರೆ ಇಷ್ಟು ದಂಡ’ ಎಂಬ ಷರತ್ತಿನ ಆದೇಶಗಳು ಕಡತಗಳಲ್ಲಿ ಹೇರಳ. ರಾಜಿಗೂ ಅವಕಾಶವಿತ್ತು, ಅದಕ್ಕೆ ನ್ಯಾಯಾಲಯದ ಅನುಮತಿ ಪಡೆದು ಸಣ್ಣ ಶುಲ್ಕ ಕಟ್ಟಿದರೆ ಸಾಕು. ಪರಸ್ಪರ ಹಗೆ ಸಾಧಿಸುವವರಿಗೆ ಪ್ರಭುಭೋಜನ ಸಂಸ್ಕಾರ ನೀಡಬಾರದೆಂದು 1549ರ ಪ್ರಾರ್ಥನಾ ಗ್ರಂಥವೂ ಪಾದ್ರಿಗಳಿಗೆ ಸೂಚಿಸಿತ್ತು.

ಜಗಳ ಕೈಮೀರುವಂತಿದ್ದರೆ ಶಾಂತಿಪಾಲಕ ನ್ಯಾಯಾಧೀಶರ ಮುಂದೆ ಹೋಗಿ, ನೆರೆಯವನಿಂದ ಶಾಂತಿಯುತವಾಗಿ ವರ್ತಿಸುವ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು. ಈ ಅಧಿಕಾರದ ಬೇರು 1361ರ ಕಾಯ್ದೆಯಲ್ಲಿದೆ. ಶಾಂತಿಭಂಗದ ಭೀತಿಯಿದ್ದಾಗ ನಮ್ಮಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿ ಇದೇ ಪರಂಪರೆಯದು. ದಂಡ ಪ್ರಕ್ರಿಯಾ ಸಂಹಿತೆಯ 107ನೆಯ ಕಲಮಾಗಿದ್ದ ಅದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೆಯ ಕಲಮಾಗಿದೆ.

ನೆರೆಯವರ ನ್ಯಾಯದ ಇನ್ನೊಂದು ಮುಖ

ಈ ವ್ಯವಸ್ಥೆಯನ್ನು ಆದರ್ಶವೆಂದು ಭಾವಿಸುವುದು ತಪ್ಪಾದೀತು. ಜ್ಯೂರಿಯಲ್ಲಿ ಕೂರುತ್ತಿದ್ದವರು ಊರಿನ ಸ್ಥಿತಿವಂತ ಒಕ್ಕಲು ಗಂಡಸರು. ಹದಿನಾರನೆಯ ಶತಮಾನದಲ್ಲಿ ಜನಸಂಖ್ಯೆ ಬೆಳೆದು, ಬೆಲೆಗಳು ಏರಿ, ನಿರ್ಗತಿಕರು ಹೆಚ್ಚಿದಂತೆ ಈ ನ್ಯಾಯಾಲಯಗಳ ಕಟ್ಟುನಿಟ್ಟು ಬಡವರ ಮೇಲೆ ಎರಗತೊಡಗಿತು. ಒಲೆಗೆಂದು ಬೇಲಿಯ ಕಟ್ಟಿಗೆ ಮುರಿದವರು, ಮನೆಯಲ್ಲಿ ಹೊರಗಿನವರನ್ನು ಇರಿಸಿಕೊಂಡವರು ಅಪರಾಧಿಗಳೆನಿಸಿದರು. ನಾಲ್ಕು ಎಕರೆ ಜಮೀನಿಲ್ಲದೆ ಹೊಸ ಗುಡಿಸಲು ಕಟ್ಟುವುದನ್ನೂ, ಒಂದು ಗುಡಿಸಲಿನಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರ ಇರುವುದನ್ನೂ 1589ರ ಕಾಯ್ದೆ ನಿಷೇಧಿಸಿತು. ಜಗಳಗಂಟಿ ಎಂಬ ಆರೋಪವಂತೂ ಹೆಚ್ಚಾಗಿ ಹೆಂಗಸರ ಮೇಲೆಯೇ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲರೆದುರು ಅವಮಾನಿಸುವ ಶಿಕ್ಷೆಯೂ ರೂಢಿಯಲ್ಲಿತ್ತು.

ನೆರೆಯವರ ಹಗೆ ಕಟಕಟೆಯ ಹೊರಗೆ ಸಿಡಿದರೆ ಏನಾಗಬಹುದೆಂಬುದಕ್ಕೆ ನಾರ್‌ಫೋಕ್ ಪ್ರಾಂತದ ವೈಮಂಡಮ್ ನಿದರ್ಶನ. 1549ರ ಜುಲೈನಲ್ಲಿ ಗೋಮಾಳಗಳಿಗೆ ಹಾಕಿದ್ದ ಬೇಲಿ ಕೀಳಲು ಜನ ಹೊರಟಾಗ, ವಕೀಲ ಜಾನ್ ಫ್ಲವರ್‌ಡ್ಯೂ ಅವರಿಗೆ ಹಣ ಕೊಟ್ಟು, ತನ್ನ ಹಳೆಯ ವೈರಿ ರಾಬರ್ಟ್ ಕೆಟ್‌ನ ಬೇಲಿಗಳತ್ತ ಅವರನ್ನು ತಿರುಗಿಸಿದ. ಕೆಟ್ ಅಚ್ಚರಿಯ ನಿರ್ಧಾರ ಕೈಗೊಂಡ. ಜನರ ದೂರು ನ್ಯಾಯವಾದದ್ದೆಂದು ಒಪ್ಪಿ, ತಾನೇ ತನ್ನ ಬೇಲಿ ಕೀಳಲು ನೆರವಾಗಿ, ಅವರ ನಾಯಕನಾದ. ದಂಗೆಕೋರರು ನಾರ್ವಿಚ್ ನಗರವನ್ನೇ ವಶಪಡಿಸಿಕೊಂಡರು. ಅರಸನ ಸೈನ್ಯ ದಂಗೆಯನ್ನು ಹತ್ತಿಕ್ಕಿತು. ಸಾವಿರಾರು ಜನ ಮಡಿದರು. ಅದೇ ಡಿಸೆಂಬರಿನಲ್ಲಿ ಕೆಟ್‌ನನ್ನು ನಾರ್ವಿಚ್ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಕಟಕಟೆ ಬರಿದಾದ ಬಗೆ

ಹಳ್ಳಿ ನ್ಯಾಯಾಲಯಗಳನ್ನು ಯಾರೂ ಒಮ್ಮೆಗೇ ಮುಚ್ಚಲಿಲ್ಲ. ಹಣದ ಬೆಲೆ ಕುಸಿಯುತ್ತ ಹೋದರೂ 40 ಶಿಲ್ಲಿಂಗಿನ ಮಿತಿ ಬದಲಾಗಲಿಲ್ಲ. ಹೀಗಾಗಿ ಹೆಚ್ಚು ಹೆಚ್ಚು ದಾವೆಗಳು ಆ ಮಿತಿಯನ್ನು ಮೀರಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯಗಳ ಬಾಗಿಲು ತಟ್ಟಿದವು. 1602ರ ಸ್ಲೇಡ್ ಪ್ರಕರಣದ ತೀರ್ಪು ಸಾಲಗಾರರು ಜ್ಯೂರಿ ವಿಚಾರಣೆ ಎದುರಿಸುವಂತೆ ಮಾಡಿತು. ನೆರೆಯವರ ಆಣೆಯಿಂದ ಸಾಲ ತಪ್ಪಿಸಿಕೊಳ್ಳುವ ಪದ್ಧತಿ ಆಚರಣೆಯಲ್ಲಿ ಕ್ಷೀಣಿಸಿ, 1833ರಲ್ಲಿ ಶಾಸನದ ಮೂಲಕವೇ ರದ್ದಾಯಿತು. ನ್ಯಾಯಾಲಯದ ಕಡತದ ನಕಲನ್ನೇ ಹಕ್ಕುಪತ್ರವಾಗಿ ಹೊಂದಿದ್ದ ‘ಕಾಪಿಹೋಲ್ಡ್’ ಎಂಬ ಭೂಹಿಡುವಳಿ 1922ರ ಕಾಯ್ದೆಯ ಪ್ರಕಾರ 1926ರಲ್ಲಿ ಕೊನೆಗೊಂಡಿತು. 1977ರ ಕಾನೂನು ಉಳಿದ ಲೀಟ್‌ಗಳ ಅಧಿಕಾರವನ್ನು ಬಹುತೇಕ ಕಿತ್ತುಕೊಂಡಿತು.

ಆದರೂ ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಕ್ಸ್‌ಟನ್ ಹಳ್ಳಿಯಲ್ಲಿ ಬೇಲಿಯಿಲ್ಲದ ಹೊಲಗಳೂ ಕೋರ್ಟ್ ಲೀಟೂ ಇಂದಿಗೂ ಉಳಿದುಬಂದಿವೆ. ಅಲ್ಲಿ ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ರೈತರೇ ಆದ ಜ್ಯೂರಿ ಬಿತ್ತನೆಯಾದ ಹೊಲವನ್ನು ಸುತ್ತಿ ಗಡಿಗಳನ್ನು ಪರಿಶೀಲಿಸುತ್ತದೆ. ಮಿತಿ ಮೀರಿ ಉತ್ತವರಿಗೆ ಕೆಲವೇ ದಿನಗಳಲ್ಲಿ ಸೇರುವ ನ್ಯಾಯಾಲಯವು ದಂಡ ವಿಧಿಸುತ್ತದೆ. ಅದರ ಮೊತ್ತ ಈಗಲೂ ಚಿಕ್ಕದೇ.